ಮೊದಲು ಎಡಕ್ಕೆ ನೋಡಿ: ಕತಾರಿನಲ್ಲಿ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ

ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡು ಕಡೆಯಿಂದ ಕೆಲಸಕ್ಕೆಂದು ದೋಹಾಕ್ಕೆ ಬಂದವರು ಮೊದಲ ಕೆಲವು ವಾರ ಮೆಡಿಕಲ್, ಬೆರಳಚ್ಚು, ಕತಾರ್ ಐಡಿ ಎಂದು ಓಡಾಡುತ್ತಾರೆ. ಯಾವ ಕೌಂಟರಿನಲ್ಲಿ ಯಾವ ಕಾಗದ ಕೊಡಬೇಕೆಂದು ತಿಳಿಸಲು ರೂಮಿನಲ್ಲಿ ಅನುಭವಸ್ಥರಿರುತ್ತಾರೆ. ಎಲ್ಲಿ ಊಟ ಅಗ್ಗ, ಯಾವ ಸಿಮ್ ಒಳ್ಳೆಯದು, ಊರಿಗೆ ಹಣ ಕಳಿಸುವುದು ಹೇಗೆ, ಎಲ್ಲವನ್ನೂ ಹೇಳಿಕೊಡುತ್ತಾರೆ. ರಸ್ತೆ ದಾಟುವುದು ಹೇಗೆಂದು ಮಾತ್ರ ಯಾರೂ ಹೇಳುವುದಿಲ್ಲ. ಹುಟ್ಟಿದಾಗಿನಿಂದ ದಾಟಿಕೊಂಡು ಬಂದದ್ದಕ್ಕೆ ಪಾಠವೇಕೆ ಎಂಬ ಭಾವನೆ. ಕತಾರಿನಲ್ಲಿ ಅದೇ ಮೊದಲ ಪಾಠವಾಗಬೇಕು.

ಕಾರಣ ಸರಳ. ಭಾರತದಲ್ಲಿ ವಾಹನಗಳು ರಸ್ತೆಯ ಎಡಭಾಗದಲ್ಲಿ ಓಡುತ್ತವೆ. ಫುಟ್‌ಪಾತಿನಿಂದ ಕೆಳಗಿಳಿಯುವವರ ಮೇಲೆ ಮೊದಲು ಬರುವ ವಾಹನ ಬಲಗಡೆಯದು. ಹೀಗಾಗಿ ನಮ್ಮ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಕತಾರಿನಲ್ಲಿ ವಾಹನಗಳು ಬಲಭಾಗದಲ್ಲಿ ಓಡುತ್ತವೆ, ಹತ್ತಿರದ ಲೇನಿನ ಅಪಾಯ ಎಡಗಡೆಯಿಂದ ಬರುತ್ತದೆ. ಊರಿನ ರೂಢಿಯಂತೆ ಬಲಕ್ಕೆ ನೋಡಿ ‘ಖಾಲಿ ಇದೆ’ ಎಂದು ಹೆಜ್ಜೆ ಇಟ್ಟರೆ ಎಡಗಡೆಯ ಲ್ಯಾಂಡ್ ಕ್ರೂಸರ್ ಕಾಣಿಸುವುದೇ ಇಲ್ಲ. ಆದ್ದರಿಂದ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಹೆಜ್ಜೆ ಇಡುವ ಮುನ್ನ ಮತ್ತೊಮ್ಮೆ ಎಡಕ್ಕೆ. ಡಿವೈಡರ್ ತಲುಪಿದ ಮೇಲೆ ಲೆಕ್ಕ ಅದಲುಬದಲು: ಅಲ್ಲಿಂದಾಚೆಗೆ ವಾಹನಗಳು ಬಲದಿಂದ ಬರುತ್ತವೆ. ಒಂದೇ ಉಸಿರಿಗೆ ಎರಡೂ ಭಾಗ ದಾಟುವುದು ಬೇಡ. ಡಿವೈಡರಿನಲ್ಲಿ ನಿಂತು, ಅದನ್ನು ಎರಡನೆಯ ರಸ್ತೆಯೆಂದೇ ತಿಳಿದು ದಾಟಬೇಕು.

ಸಿಗ್ನಲ್ಲುಗಳಲ್ಲಿ ಇನ್ನೊಂದು ತೊಡಕಿದೆ. ಬೆಂಗಳೂರಿನಲ್ಲಿ ‘ಫ್ರೀ ಲೆಫ್ಟ್’ ಇರುವ ಹಾಗೆ ದೋಹಾದ ದೊಡ್ಡ ಜಂಕ್ಷನ್‌ಗಳಲ್ಲಿ ಬಲಕ್ಕೆ ತಿರುಗುವವರಿಗೆಂದೇ ಬಾಗಿದ ಬೇರೆ ದಾರಿ ಇರುತ್ತದೆ. ಪಾದಚಾರಿಯ ದೀಪ ಹಸಿರಾಗಿರುವಾಗಲೂ ಆ ಬಾಗಿದ ದಾರಿಯಲ್ಲಿ ಕಾರುಗಳು ನಿಲ್ಲದೆ ನುಗ್ಗುವುದುಂಟು. ತಿರುಗುವ ಚಾಲಕನ ಕಣ್ಣು ಎಡದಿಂದ ಬರುವ ವಾಹನಗಳ ಮೇಲೆ ನೆಟ್ಟಿರುತ್ತದೆ. ಬಲಬದಿಯಲ್ಲಿ ನಿಂತ ಮನುಷ್ಯ ಅವನ ನೋಟಕ್ಕೆ ಸಿಗುವುದು ಕೊನೆಗೆ. ಅವನು ನಿಮ್ಮನ್ನು ನೋಡಿದ್ದಾನೆ, ವೇಗ ಇಳಿಸಿದ್ದಾನೆ ಎಂದು ಖಾತ್ರಿಯಾದ ಮೇಲೆ ಕಾಲಿಡಿ. ಹಸಿರು ದೀಪವೊಂದನ್ನೇ ನಂಬಿ ಇಳಿಯಬೇಡಿ.

ಒಂಬತ್ತು ಸೆಕೆಂಡಿನ ಲೆಕ್ಕ

ರಸ್ತೆಯ ಅಗಲವನ್ನು ಊರಿನ ಕಣ್ಣಿನಿಂದ ಅಳೆಯುವುದು ಎರಡನೆಯ ತಪ್ಪು. ದೋಹಾದ ರಿಂಗ್ ರೋಡುಗಳಲ್ಲಿ, ಸಲ್ವಾ ರಸ್ತೆಯಲ್ಲಿ ಒಂದು ದಿಕ್ಕಿಗೇ ಮೂರು ನಾಲ್ಕು ಲೇನುಗಳಿವೆ. ಮೂರು ಲೇನ್ ಎಂದರೆ ಸುಮಾರು 11 ಮೀಟರ್. ಆರೋಗ್ಯವಂತ ಮನುಷ್ಯ ಸಾಮಾನ್ಯ ನಡಿಗೆಯಲ್ಲಿ ಸೆಕೆಂಡಿಗೆ 1.2 ಮೀಟರ್ ಸಾಗುತ್ತಾನೆ ಎಂದಿಟ್ಟುಕೊಂಡರೆ ದಾಟಲು 9 ಸೆಕೆಂಡ್ ಬೇಕು. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಆ 9 ಸೆಕೆಂಡಿನಲ್ಲಿ 200 ಮೀಟರ್ ಬಂದಿರುತ್ತದೆ. ಅಂದರೆ 200 ಮೀಟರ್ ದೂರದಲ್ಲಿ ಚುಕ್ಕಿಯಂತೆ ಕಾಣುವ ಕಾರು ನೀವು ಆಚೆ ಬದಿ ಸೇರುವ ಹೊತ್ತಿಗೆ ನಿಮ್ಮ ಮುಂದೆಯೇ ಇರುತ್ತದೆ. ಕೈಯಲ್ಲಿ ಸಾಮಾನಿನ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ, ಕಿವಿಯಲ್ಲಿ ಊರಿನ ಫೋನ್ ಇದ್ದರೆ 9 ಸೆಕೆಂಡ್ 12 ಆಗುತ್ತದೆ.

ವೇಗ ಕೊಲ್ಲುತ್ತದೆ ಎಂಬುದು ಬೋರ್ಡಿನ ಮೇಲಿನ ಘೋಷಣೆಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾಹನಗಳ ಸರಾಸರಿ ವೇಗ ಶೇ 1ರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರಿನ ಮುಂಭಾಗ ಬಡಿದಾಗ ಪಾದಚಾರಿ ಸಾಯುವ ಅಪಾಯ ಎಷ್ಟಿದೆಯೋ, 65 ಕಿ.ಮೀ. ವೇಗದಲ್ಲಿ ಅದರ ನಾಲ್ಕೂವರೆ ಪಟ್ಟು. ಕಾರಿನೊಳಗೆ ಕುಳಿತವನಿಗೆ ಈ 15 ಕಿ.ಮೀ. ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಡೆಯುವವರು, ಸೈಕಲ್ ಸವಾರರು ಮತ್ತು ಬೈಕ್ ಸವಾರರು.

ಕತಾರಿನಲ್ಲಿ ಪೆಟ್ಟು ತಿನ್ನುವವರು ಯಾರು? ದೋಹಾದ ಹಮದ್ ಟ್ರಾಮಾ ಸೆಂಟರಿನ ವೈದ್ಯರು ಪ್ರಕಟಿಸಿರುವ ಅಧ್ಯಯನಗಳಲ್ಲಿ ಉತ್ತರವಿದೆ: ಹೊರದೇಶದಿಂದ ದುಡಿಯಲು ಬಂದ, ಹರೆಯದ ಗಂಡಸರು. ಅವರಲ್ಲಿ ದಕ್ಷಿಣ ಏಷ್ಯಾದವರದು ದೊಡ್ಡ ಪಾಲು. ದೇಶದ ಜನಸಂಖ್ಯೆಯಲ್ಲೇ ಅಂಥವರು ಹೆಚ್ಚು ಎಂಬುದು ನಿಜ, ಭಾರತೀಯರೇ ಸುಮಾರು 8 ಲಕ್ಷ ಇದ್ದಾರೆ. ಆದರೂ ಆ ವೈದ್ಯರು ಒತ್ತಿ ಹೇಳುವ ಮಾತೊಂದನ್ನು ನಮ್ಮವರು ಕೇಳಿಸಿಕೊಳ್ಳಬೇಕು. ಬೇರೆ ಬೇರೆ ದೇಶಗಳಿಂದ ಬಂದವರಿಗೆ ಅವರವರ ಭಾಷೆಯಲ್ಲಿ, ಅವರವರ ರೂಢಿಯನ್ನು ಅರಿತು ಸುರಕ್ಷತೆಯ ತಿಳಿವಳಿಕೆ ಕೊಡಬೇಕು ಎಂಬುದು ಅದು. ಅರಬಿ ಮತ್ತು ಇಂಗ್ಲಿಷಿನ ಫಲಕ ಓದಲಾಗದ ಮೇಸ್ತ್ರಿಗೆ, ಹೆಲ್ಪರಿಗೆ ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಹೇಳಬಲ್ಲವರು ಅವರದೇ ಊರಿನವರು.

ಕಾಣಿಸಿಕೊಳ್ಳುವುದು

ಕೆಲಸ ಮುಗಿಸಿ ಕೆಲಸಗಾರರ ಕ್ಯಾಂಪಿಗೆ ಮರಳುವ ಹೊತ್ತಿಗೆ ಚಳಿಗಾಲದಲ್ಲಿ ಕತ್ತಲಾಗಿರುತ್ತದೆ. ಡಿಸೆಂಬರಿನಲ್ಲಿ ದೋಹಾದ ಸೂರ್ಯ ಐದು ಗಂಟೆಗೆ ಮೊದಲೇ ಮುಳುಗುತ್ತಾನೆ. ನೀಲಿ ಇಲ್ಲವೇ ಬೂದು ಬಣ್ಣದ ಯೂನಿಫಾರ್ಮ್ ತೊಟ್ಟ ಮನುಷ್ಯ ಡಿಮ್ ಲೈಟಿನಲ್ಲಿ ಬರುವ ಚಾಲಕನಿಗೆ ಹತ್ತಾರು ಮೀಟರಿನಷ್ಟು ಹತ್ತಿರ ಬಂದಾಗಲೇ ಕಾಣುತ್ತಾನೆ. 80 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲಿ, ಚಾಲಕ ಎಚ್ಚರದಿಂದಿದ್ದರೂ, ಪೂರ್ತಿ ನಿಲ್ಲಲು ಐವತ್ತು ಮೀಟರಿಗಿಂತ ಹೆಚ್ಚು ಬೇಕು. ಅಷ್ಟು ಹತ್ತಿರ ಬಂದ ಮೇಲೆ ಕಂಡರೆ ಪ್ರಯೋಜನವಿಲ್ಲ. ಬೆಳಕು ಬಿದ್ದಾಗ ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿಕೊಂಡವನು ನೂರು ಮೀಟರಿಗೂ ಆಚೆಯಿಂದ ಕಾಣುತ್ತಾನೆ.

ಸಂಕಟದ ಸಂಗತಿಯೆಂದರೆ ಈ ಜಾಕೆಟ್ ಬಹುಪಾಲು ಕೆಲಸಗಾರರ ಬಳಿ ಆಗಲೇ ಇದೆ. ಸೈಟಿನಲ್ಲಿ ಅದಿಲ್ಲದೆ ಒಳಗೆ ಬಿಡುವುದಿಲ್ಲ. ಸಂಜೆ ಅದನ್ನು ಕಳಚಿ ಮೊಳೆಗೆ ತೂಗುಹಾಕಿ, ಸೈಟಿಗಿಂತ ಅಪಾಯದ ಜಾಗಕ್ಕೆ, ಅಂದರೆ ರಸ್ತೆಗೆ, ಬರಿಮೈಯಲ್ಲಿ ಇಳಿದಂತೆ ಇಳಿಯುತ್ತಾರೆ. ಆ ಜಾಕೆಟ್ ರೂಮಿನವರೆಗೂ ಮೈಮೇಲಿರಲಿ. ಶುಕ್ರವಾರ ಸಂಜೆ ಒಳ್ಳೆಯ ಅಂಗಿ ತೊಟ್ಟು ಕ್ಯಾಂಪುಗಳಿರುವ ಇಂಡಸ್ಟ್ರಿಯಲ್ ಏರಿಯಾದಿಂದ ಏಷ್ಯನ್ ಟೌನಿನ ಅಂಗಡಿಗಳಿಗೆ ಹೋಗುವಾಗ ಜಾಕೆಟ್ ಬೇಡವೆನಿಸಿದರೆ ಬಿಳಿ ಅಂಗಿಯಾದರೂ ಇರಲಿ, ಕೈಯಲ್ಲಿ ಮೊಬೈಲ್ ಟಾರ್ಚ್ ಉರಿಯುತ್ತಿರಲಿ. ಜನವರಿಯ ಬೆಳಗಿನ ಮಂಜು, ಬೇಸಿಗೆಯ ಧೂಳುಗಾಳಿ ಇದ್ದ ದಿನ ಹಗಲಿಗೂ ಇದೇ ನಿಯಮ.

ಫುಟ್‌ಪಾತ್ ಇಲ್ಲದ ಕಡೆ ಯಾವ ಬದಿಯಲ್ಲಿ ನಡೆಯಬೇಕು? ಎದುರಿನಿಂದ ಬರುವ ವಾಹನ ಕಾಣುವ ಬದಿಯಲ್ಲಿ, ಅಂದರೆ ಕತಾರಿನಲ್ಲಿ ರಸ್ತೆಯ ಎಡ ಅಂಚಿನಲ್ಲಿ. ನಾಲ್ಕೈದು ಜನ ಒಟ್ಟಿಗಿದ್ದರೆ ಸಾಲಾಗಿ ಒಬ್ಬರ ಹಿಂದೊಬ್ಬರು, ಹೊಳೆಯುವ ಜಾಕೆಟಿನವರು ಮುಂದೆ ಒಬ್ಬರು, ಹಿಂದೆ ಒಬ್ಬರು. ಹೆದ್ದಾರಿಯನ್ನು ನಡುವೆ ದಾಟಲೇ ಬಾರದು. ಪ್ರಾಣಾಪಾಯದ ಜೊತೆಗೆ ನಿಗದಿತ ಜಾಗ ಬಿಟ್ಟು ದಾಟಿದ ಪಾದಚಾರಿಗೆ ಕತಾರಿನ ಕಾನೂನಿನಲ್ಲಿ ದಂಡವೂ ಇದೆ. ಮೇಲ್ಸೇತುವೆಗೆ ಹತ್ತು ನಿಮಿಷ ಸುತ್ತಬೇಕಾದರೆ ಸುತ್ತಬೇಕು. ಆ ಹತ್ತು ನಿಮಿಷ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಎಷ್ಟು ಕಷ್ಟವೆಂದು ಗೊತ್ತಿದ್ದೇ ಹೇಳುವ ಮಾತಿದು. ಅಂಥ ಸುತ್ತು ತಪ್ಪಿಸುವ ದಾರಿಯನ್ನು ಮುಂದೆ ನೋಡೋಣ.

ರಂಜಾನಿನ ಸಂಜೆಗೆ ಪ್ರತ್ಯೇಕ ಎಚ್ಚರ ಬೇಕು. ಉಪವಾಸ ಬಿಡುವ ಹೊತ್ತಿಗೆ ಮನೆ ಸೇರುವ ಧಾವಂತದಲ್ಲಿ ಆಯಾಸಗೊಂಡ ಚಾಲಕರು ವೇಗ ಹೆಚ್ಚಿಸುತ್ತಾರೆ. ಸೂರ್ಯಾಸ್ತಕ್ಕೆ ಮುಂಚಿನ ಅರ್ಧ ಗಂಟೆ ದೊಡ್ಡ ರಸ್ತೆ ದಾಟುವ ಕೆಲಸವಿದ್ದರೆ ಸ್ವಲ್ಪ ಮುಂದಕ್ಕೆ ಹಾಕುವುದು ಒಳ್ಳೆಯದು.

ಬಿಸಿಲಿಗೂ ಒಂದು ವೇಳಾಪಟ್ಟಿ

2010ರ ಜುಲೈಯಲ್ಲಿ ದೋಹಾದ ತಾಪಮಾನ 50.4 ಡಿಗ್ರಿ ಮುಟ್ಟಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನಡೆಯುವವರಿಗೆ ವಾಹನದಷ್ಟೇ ದೊಡ್ಡ ಅಪಾಯ ಬಿಸಿಲು. ಕತಾರ್ ಸರ್ಕಾರ 2021ರ ಆದೇಶದಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸವನ್ನು ನಿಷೇಧಿಸಿದೆ. ಶಾಖ, ಬಿಸಿಲು, ತೇವ, ಗಾಳಿ ಎಲ್ಲವನ್ನೂ ಸೇರಿಸಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಿಸಬೇಕೆಂದೂ ಅದರಲ್ಲಿದೆ. ಕೆಲಸಕ್ಕೆ ಅಪಾಯದ ಹೊತ್ತು ನಡಿಗೆಗೂ, ಸೈಕಲ್ಲಿಗೂ ಅಪಾಯದ ಹೊತ್ತೇ. ಅಂಗಡಿ, ಬ್ಯಾಂಕು, ಪಾರ್ಸೆಲ್ ಕೆಲಸಗಳಿಗೆ ನಡೆದು ಹೋಗುವವರು ಇದೇ ವೇಳಾಪಟ್ಟಿ ಪಾಲಿಸಬೇಕು.

ಕರಾವಳಿಯವರು ‘ನಮಗೆ ಸೆಕೆ ಹೊಸದಲ್ಲ’ ಎನ್ನುವುದುಂಟು. ಮಂಗಳೂರಿನ ಸೆಕೆಯಲ್ಲಿ ಬೆವರಿದರೂ ಅಲ್ಲಲ್ಲಿ ಮರದ ನೆರಳಿದೆ, ಮಳೆಗಾಲವಿದೆ. ಆಗಸ್ಟ್‌ನ ದೋಹಾದಲ್ಲಿ ರಾತ್ರಿಯೂ ಗಾಳಿ ಒದ್ದೆಯಾಗಿರುತ್ತದೆ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹೊಸದಾಗಿ ಬಂದವರ ದೇಹ ಒಗ್ಗಲು ಒಂದೆರಡು ವಾರ ಬೇಕು. ಅಷ್ಟು ದಿನ ಉದ್ದದ ನಡಿಗೆ ಬೇಡ. ಬಾಯಾರುವ ಮೊದಲೇ ನೀರು ಕುಡಿಯಿರಿ. ಗಂಟೆಗಟ್ಟಲೆ ಬೆವರಿದ ದಿನ ಬರಿ ನೀರು ಸಾಲದು, ಓಆರ್‌ಎಸ್ ಬೇಕು. ಅದಿಲ್ಲದಿದ್ದರೆ ಉಪ್ಪು ಹಾಕಿದ ಮಜ್ಜಿಗೆ ಆದೀತು. ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಕಂಡರೆ ನೆರಳು ಸೇರಬೇಕು. ಮಾತು ತೊದಲಿದರೆ, ಗೊಂದಲವಾದರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ತಡ ಮಾಡದೆ 999ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಗೆ ನೀರು ಸುರಿದು ಗಾಳಿ ಹಾಕುತ್ತಿರಬೇಕು.

ಎರಡು ಬಗೆಯ ಸೈಕಲ್ಲು

ಕತಾರಿನದು ಸೈಕಲ್ ಲೋಕದಲ್ಲಿ ಸಣ್ಣ ಹೆಸರೇನಲ್ಲ. 2016ರ ಅಕ್ಟೋಬರಿನಲ್ಲಿ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ದೋಹಾದಲ್ಲೇ ನಡೆಯಿತು, ಸ್ಲೊವಾಕಿಯಾದ ಪೀಟರ್ ಸಗಾನ್ ಗೆದ್ದರು. 2020ರಲ್ಲಿ ಲೋಕೋಪಯೋಗಿ ಪ್ರಾಧಿಕಾರ ‘ಅಶ್ಗಾಲ್’ ಅಲ್ ಖೋರ್ ರಸ್ತೆಯ ಬದಿಗೆ ಕಟ್ಟಿದ ಒಲಿಂಪಿಕ್ ಸೈಕಲ್ ಪಥ 32.869 ಕಿ.ಮೀ. ಉದ್ದವಿದ್ದು ಜಗತ್ತಿನ ಅತಿ ಉದ್ದದ ಅಖಂಡ ಸೈಕಲ್ ದಾರಿಯೆಂದು ಗಿನ್ನೆಸ್ ದಾಖಲೆ ಸೇರಿತು. ದೋಹಾದಿಂದ ಅಲ್ ಖೋರ್ ತನಕ ಕಾರಿನ ದಾರಿಗೆ ಅಡ್ಡ ಬಾರದೆ ಸೇತುವೆ, ಸುರಂಗಗಳ ಮೂಲಕ ಹೋಗಬಹುದು. ಚಳಿಗಾಲದ ಬೆಳಗ್ಗೆ ಅಲ್ಲಿ ಸೈಕಲ್ ತುಳಿಯುವುದು ಸಂತೋಷದ ಕೆಲಸ. ವ್ಯಾಯಾಮಕ್ಕೆ ಸೈಕಲ್ ಕೊಂಡ ಕುಟುಂಬಗಳು ದೊಡ್ಡ ರಸ್ತೆಗೆ ಇಳಿಯುವ ಬದಲು ಈ ಪಥಕ್ಕೆ ಇಲ್ಲವೇ ಅಲ್ ಬಿದ್ದಾ ಪಾರ್ಕಿನಂಥ ಕಡೆಗೆ ಹೋಗುವುದು ಸರಿ. ವೇಗದ ಸವಾರರಿಗೆ ಜಾಗ ಬಿಟ್ಟು ಬಲ ಅಂಚಿನಲ್ಲಿ ಸಾಗಬೇಕು. ಮಕ್ಕಳನ್ನು ಕರೆದೊಯ್ಯುವವರಿಗೆ ಪಾರ್ಕೇ ಮೇಲು.

ಇನ್ನೊಂದು ಬಗೆಯ ಸೈಕಲ್ಲು ಇಂಡಸ್ಟ್ರಿಯಲ್ ಏರಿಯಾದಲ್ಲಿ, ನಜ್ಮಾದ ಗಲ್ಲಿಗಳಲ್ಲಿ ಓಡುತ್ತದೆ. ಅದರ ಮೇಲೆ ಕುಳಿತವರು ಗ್ಯಾರೇಜ್ ಕೆಲಸಗಾರರು, ಗ್ರೋಸರಿಯ ಹುಡುಗರು, ಕಾರು ತೊಳೆಯುವವರು. ಟ್ಯಾಕ್ಸಿ ಅವರ ಕೈಗೆಟುಕುವುದಿಲ್ಲ, ಸೈಕಲ್ ಅವರಿಗೆ ಹೊಟ್ಟೆಪಾಡು. ಕಿ.ಮೀ.ಗಟ್ಟಲೆಯ ದಾಖಲೆ ಪಥ ಅವರ ದಾರಿಯಲ್ಲಿ ಬರುವುದಿಲ್ಲ, ಲಾರಿ ಮತ್ತು ಟ್ರೈಲರುಗಳು ಬರುತ್ತವೆ. ಸುರಕ್ಷಿತ ಸೈಕಲ್ ಸವಾರಿಯ ಮಾತು ಮೊದಲು ಮುಟ್ಟಬೇಕಾದದ್ದು ಇವರನ್ನು.

ಇವರಲ್ಲಿ ಹಲವರು ಪಾದಚಾರಿಯ ನಿಯಮವನ್ನೇ ಸೈಕಲ್ಲಿಗೂ ಹಚ್ಚುತ್ತಾರೆ: ಎದುರು ಬರುವ ವಾಹನ ಕಾಣಲಿ ಎಂದು ರಾಂಗ್ ಸೈಡಿನಲ್ಲಿ ತುಳಿಯುತ್ತಾರೆ. ನಡೆಯುವವನಿಗೆ ಸರಿಯಾದದ್ದು ಸೈಕಲ್ಲಿನವನಿಗೆ ತಪ್ಪು. ಎದುರಾಗಿ ಬರುವಾಗ ಎರಡೂ ವೇಗ ಕೂಡಿ, ತಪ್ಪಿಸಿಕೊಳ್ಳಲು ಸಿಗುವ ಸಮಯ ಕಡಿಮೆಯಾಗುತ್ತದೆ. ಅಡ್ಡರಸ್ತೆಯಿಂದ ಹೊರಬರುವ ಚಾಲಕ ಆ ದಿಕ್ಕಿಗೆ ನೋಡುವುದೂ ಇಲ್ಲ. ಸೈಕಲ್ ವಾಹನಗಳ ಜೊತೆಗೇ, ರಸ್ತೆಯ ಬಲ ಅಂಚಿನಲ್ಲಿ ಸಾಗಬೇಕು. ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಬಾಗಿಲಿನಷ್ಟು ಅಂತರ ಇರಲಿ. ಇಲ್ಲಿ ಚಾಲಕನ ಬಾಗಿಲು ತೆರೆಯುವುದು ಎಡಕ್ಕೆ, ಸರಿಯಾಗಿ ನಿಮ್ಮ ದಾರಿಗೆ.

ಎಡಕ್ಕೆ ತಿರುಗುವುದು ಕತಾರಿನಲ್ಲಿ ಕಷ್ಟದ ತಿರುವು, ಎಲ್ಲ ಲೇನುಗಳನ್ನೂ ಕತ್ತರಿಸಿ ಹೋಗಬೇಕು. ಅಲ್ಲಿ ಧೈರ್ಯ ತೋರುವುದು ಬೇಡ. ಸಿಗ್ನಲ್ ತನಕ ನೇರ ಹೋಗಿ ಇಳಿದು, ಸೈಕಲ್ ತಳ್ಳಿಕೊಂಡು ಜೀಬ್ರಾ ಕ್ರಾಸಿಂಗಿನಲ್ಲಿ ಪಾದಚಾರಿಯಾಗಿ ದಾಟಬೇಕು. ಬಹು ಲೇನಿನ ರೌಂಡ್‌ಅಬೌಟಿನಲ್ಲೂ ಅದೇ ಉಪಾಯ. ಟ್ರೈಲರ್ ಬಲಕ್ಕೆ ತಿರುಗುವ ಮುನ್ನ ಸ್ವಲ್ಪ ಎಡಕ್ಕೆ ಸರಿದು ಬಲಗಡೆ ಜಾಗ ಬಿಡುತ್ತದೆ. ಆ ಜಾಗ ಕಂಡು ಒಳಗೆ ತೂರಿದ ಸೈಕಲ್ ಟ್ರೈಲರ್ ಚಾಲಕನ ಕನ್ನಡಿಗೆ ಬೀಳುವುದಿಲ್ಲ, ಹಿಂದಿನ ಚಕ್ರಗಳು ಅಲ್ಲೇ ಹರಿದುಹೋಗುತ್ತವೆ. ಲಾರಿಯ ಬಲಕ್ಕೆ ಎಂದೂ ನುಗ್ಗಬಾರದು, ಹಿಂದೆ ನಿಂತು ಅದನ್ನು ಮುಂದೆ ಬಿಡಬೇಕು.

ಹಳೆಯ ಸೈಕಲ್ ಕೊಂಡಾಗ ಮೊದಲು ನೋಡಬೇಕಾದದ್ದು ಬ್ರೇಕ್. ಯಾವ ಕೈಯ ಲಿವರ್ ಮುಂದಿನ ಚಕ್ರದ್ದೆಂಬುದು ದೇಶದಿಂದ ದೇಶಕ್ಕೆ ಬೇರೆ. ಊರಿನ ಅಭ್ಯಾಸದಲ್ಲಿ ಒತ್ತಿದರೆ ಮುಂದಿನ ಚಕ್ರ ಹಿಡಿದು ಮುಗ್ಗರಿಸಿ ಬೀಳಬಹುದು. ಖಾಲಿ ಜಾಗದಲ್ಲಿ ಒಮ್ಮೆ ಪರೀಕ್ಷಿಸಿ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಪೆಡಲಿಗೆ ಮತ್ತು ಚಕ್ರಕ್ಕೆ ಹೊಳೆಯುವ ಪಟ್ಟಿ, ಒಂದು ಬೆಲ್, ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ, ಸಮನಾಗಿ ಕೂರಬೇಕು; ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳು ಮಾತ್ರ ತೂರುವಷ್ಟು ಬಿಗಿ ಇರಬೇಕು. ಹಣೆ ಬಿಟ್ಟು ಹಿಂದಕ್ಕೆ ಜಾರಿದ ಹೆಲ್ಮೆಟ್ ಇದ್ದೂ ಇಲ್ಲದಂತೆ. ಹ್ಯಾಂಡಲಿಗೆ ಚೀಲ ನೇತುಹಾಕುವುದನ್ನು ಬಿಡಿ, ಹಿಂದೆ ಕ್ಯಾರಿಯರ್ ಕಟ್ಟಿಸಿ.

ಊರು ಬದಲಾಗುತ್ತಿದೆ

ಹತ್ತು ವರ್ಷಗಳ ಹಿಂದಿನ ದೋಹಾ ಕಂಡವರಿಗೆ ಇಂದಿನದು ಬೇರೆಯೇ ಊರು. 2019ರ ಮೇ 8ರಂದು ಮೆಟ್ರೊ ಆರಂಭವಾಯಿತು. ಒಂದು ಪ್ರಯಾಣಕ್ಕೆ 2 ರಿಯಾಲ್, ನಿಲ್ದಾಣಗಳಿಂದ ಮೆಟ್ರೊಲಿಂಕ್ ಬಸ್ ಉಚಿತ. ಮುಶೈರಿಬ್‌ನಲ್ಲಿ ಹಳೆಯ ಪೇಟೆಯ ಜಾಗದಲ್ಲಿ ಎದ್ದ ಹೊಸ ಬಡಾವಣೆಯನ್ನು ಕಟ್ಟಡಗಳೇ ರಸ್ತೆಗೆ ನೆರಳು ಚೆಲ್ಲುವ ಹಾಗೆ ಕಟ್ಟಿದ್ದಾರೆ. ಕಾರುಗಳ ನಿಲುಗಡೆ ನೆಲದಡಿ, ಮೇಲೆ ನಡೆಯುವವರಿಗೆ ಓಣಿಗಳು. ಮರುಭೂಮಿಯಲ್ಲಿ ಜನ ನಡೆಯುವುದಿಲ್ಲ ಎಂಬ ಮಾತು ಸುಳ್ಳೆಂದು ಮುಶೈರಿಬ್ ತೋರಿಸಿಕೊಟ್ಟಿದೆ. ನೆರಳು ಕೊಟ್ಟರೆ ನಡೆಯುತ್ತಾರೆ. ಉಮ್ ಅಲ್ ಸನೀಮ್ ಪಾರ್ಕಿನಲ್ಲಿ ಒಂದು ಕಿ.ಮೀ.ಗೂ ಉದ್ದದ ಹವಾನಿಯಂತ್ರಿತ ನಡಿಗೆ ಪಥವೇ ಇದೆ, ಜುಲೈಯಲ್ಲೂ ಅಲ್ಲಿ ಸುತ್ತು ಹಾಕಬಹುದು.

2022ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಸಮುದ್ರದಂಚಿನ ಏಳು ಕಿ.ಮೀ. ಕಾರ್ನೀಶ್ ರಸ್ತೆಯನ್ನು ನವೆಂಬರ್ 1ರಿಂದ ಡಿಸೆಂಬರ್ ಮೂರನೆಯ ವಾರದವರೆಗೆ ಕಾರುಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಟ್ಟರು. ಊರಿನ ಮುಖ್ಯ ರಸ್ತೆಯೊಂದನ್ನು ವಾರಗಟ್ಟಲೆ ಪಾದಚಾರಿಗಳ ಕೈಗೆ ಕೊಟ್ಟರೂ ನಗರ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಅದೇ ವರ್ಷ ಕತಾರಿನ ಎಲ್ಲ ಮುನಿಸಿಪಾಲಿಟಿಗಳಿಗೂ ವಿಶ್ವ ಆರೋಗ್ಯ ಸಂಸ್ಥೆಯ ‘ಆರೋಗ್ಯ ನಗರ’ ಮನ್ನಣೆ ಸಿಕ್ಕಿತು.

ಚಾಲಕರ ಮೇಲಿನ ಬಿಗಿಯೂ ಹೆಚ್ಚಿದೆ. ಕೆಂಪು ದೀಪ ದಾಟಿದರೆ 6,000 ರಿಯಾಲ್ ದಂಡ. 2023ರ ಸೆಪ್ಟೆಂಬರಿನಿಂದ ಚಾಲನೆಯ ವೇಳೆ ಮೊಬೈಲ್ ಹಿಡಿದವರನ್ನು, ಸೀಟ್ ಬೆಲ್ಟ್ ಹಾಕದವರನ್ನು ಕ್ಯಾಮೆರಾಗಳೇ ಹಿಡಿಯುತ್ತಿವೆ, ದಂಡ 500 ರಿಯಾಲ್.

ಆದರೆ ಪಾರ್ಕಿನ ಪಥ ಎಷ್ಟು ಚೆನ್ನಾಗಿದ್ದರೂ ಅಪಘಾತ ತಪ್ಪಿಸಬೇಕಾದ ಜಾಗ ಅದಲ್ಲ. ಬಸ್ ಸ್ಟಾಪಿಗೂ ಕ್ಯಾಂಪಿಗೂ ನಡುವಿನ, ಮೆಟ್ರೊ ನಿಲ್ದಾಣಕ್ಕೂ ಫ್ಲಾಟಿಗೂ ನಡುವಿನ ಅರ್ಧ ಕಿ.ಮೀ. ಆ ಜಾಗ. ಫುಟ್‌ಪಾತ್ ಹಠಾತ್ತನೆ ಮುಗಿದು ಮರಳು ಶುರುವಾಗುವ ಜಾಗ, ಜೀಬ್ರಾ ಪಟ್ಟೆ ಅಳಿಸಿಹೋದ ಜಾಗ, ದೀಪದ ಕಂಬ ಉರಿಯದ ಜಾಗ, ಪಾರ್ಕಿಂಗ್ ಸಿಗದೆ ಫುಟ್‌ಪಾತಿನ ಮೇಲೇ ನಿಂತ ಪಿಕಪ್ಪು. ಇವನ್ನು ದಿನವೂ ಕಾಣುವವರು ಎಂಜಿನಿಯರರಲ್ಲ, ಅಲ್ಲಿ ನಡೆಯುವವರು. ಅವರು ಹೇಳದೆ ಯಾರಿಗೂ ತಿಳಿಯುವುದಿಲ್ಲ.

ಸಂಘಗಳು ಮಾಡಬಹುದಾದ ಕೆಲಸ

ಹೇಳುವುದಕ್ಕೆ ದಾರಿಯಿದೆ. ರಸ್ತೆ, ದೀಪ, ಫುಟ್‌ಪಾತಿನ ದೂರನ್ನು ಅಶ್ಗಾಲ್‌ನ 188 ಸಂಖ್ಯೆಗೆ ತಿಳಿಸಬಹುದು. ‘ಇಲ್ಲಿ ರಸ್ತೆ ಸರಿಯಿಲ್ಲ’ ಎಂದರೆ ಕೆಲಸವಾಗುವುದಿಲ್ಲ. ಕತಾರಿನ ಪ್ರತಿ ಕಟ್ಟಡದ ಗೋಡೆಯಲ್ಲೂ ವಲಯ, ಬೀದಿ, ಕಟ್ಟಡದ ಸಂಖ್ಯೆ ಬರೆದ ನೀಲಿ ಫಲಕವಿರುತ್ತದೆ. ಹತ್ತಿರದ ಫಲಕದ ಮೂರು ಸಂಖ್ಯೆ, ತೊಂದರೆ ಏನು, ಯಾವ ಹೊತ್ತಿನಲ್ಲಿ, ಯಾರು ಬಳಸುವ ದಾರಿ ಎಂದು ಹೇಳಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಹತ್ತು ನಿಮಿಷದ ಸುತ್ತು ತಪ್ಪಿಸುವ ಕ್ರಾಸಿಂಗ್ ಬೇಕೆಂದಿದ್ದರೆ ಅಲ್ಲಿ ದಿನಕ್ಕೆ ಎಷ್ಟು ಜನ ದಾಟುತ್ತಾರೆಂದು ಎಣಿಸಿ ಕೊಡುವುದು ನೂರು ಮಾತಿಗಿಂತ ಬಲವಾದದ್ದು.

ಇದನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ಸಂಘಗಳು ಮಾಡಿದರೆ ಚೆನ್ನ. ಕತಾರಿನಲ್ಲಿ ಕರ್ನಾಟಕ ಸಂಘ, ತುಳು ಕೂಟ ಮೊದಲಾದ ಹಲವು ಸಂಘಟನೆಗಳಿವೆ. ರಾಯಭಾರ ಕಚೇರಿಯ ಆಶ್ರಯದಲ್ಲಿ ಇಂಡಿಯನ್ ಕಲ್ಚರಲ್ ಸೆಂಟರ್, ಇಂಡಿಯನ್ ಸ್ಪೋರ್ಟ್ಸ್ ಸೆಂಟರ್, ಇಂಡಿಯನ್ ಕಮ್ಯುನಿಟಿ ಬೆನೆವೊಲೆಂಟ್ ಫೋರಂಗಳಿವೆ. ರಾಜ್ಯೋತ್ಸವ, ರಕ್ತದಾನ, ಕ್ರಿಕೆಟ್ ಟೂರ್ನಿಗಳನ್ನು ಸೊಗಸಾಗಿ ನಡೆಸುವವರಿಗೆ ಒಂದು ಬೆಳಗಿನ ‘ದಾರಿ ತಪಾಸಣೆ’ ಭಾರವಲ್ಲ. ಶುಕ್ರವಾರ ಬೆಳಗ್ಗೆ ಐದಾರು ಜನ ಒಂದು ಬಡಾವಣೆ ಆರಿಸಿಕೊಂಡು, ಬಸ್ ಸ್ಟಾಪಿನಿಂದ ಕ್ಯಾಂಪಿನವರೆಗೆ ನಡೆದು, ತೊಡಕಿನ ಜಾಗಗಳ ಫೋಟೊ ತೆಗೆದು ಪಟ್ಟಿ ಮಾಡಬಹುದು. ಅದೇ ದಾರಿಯನ್ನು ರಾತ್ರಿ ಒಮ್ಮೆ ನಡೆದರೆ ಹಗಲು ಕಾಣದ್ದು ಕಾಣುತ್ತದೆ. ತಂಡದಲ್ಲಿ ಮಗುವಿನ ಗಾಡಿ ತಳ್ಳುವ ತಾಯಿಯೊಬ್ಬರು, ಮಕ್ಕಳ ಮನೆಗೆ ಊರಿನಿಂದ ಬಂದ ಹಿರಿಯರೊಬ್ಬರು ಇರಲಿ. ಫುಟ್‌ಪಾತಿನ ಎತ್ತರ ಅವರ ಕಾಲಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗದು.

ಎರಡನೆಯ ಕೆಲಸ ಇನ್ನೂ ಸುಲಭ: ಹೊಸದಾಗಿ ಬಂದವರಿಗೆ ಎರಡು ನಿಮಿಷದ ಧ್ವನಿ ಸಂದೇಶ. ಮೊದಲು ಎಡಕ್ಕೆ ನೋಡು, ಡಿವೈಡರಿನಲ್ಲಿ ನಿಲ್ಲು, ಜಾಕೆಟ್ ಕಳಚಬೇಡ, ಸೈಕಲ್ ಬಲಕ್ಕೆ, ತುರ್ತಿಗೆ 999. ಕನ್ನಡ, ತುಳು, ಬ್ಯಾರಿ, ಕೊಂಕಣಿಯಲ್ಲಿ ಒಂದೊಂದು ಮಾಡಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದರೆ ಓದು ಬಾರದವರಿಗೂ ತಲುಪುತ್ತದೆ. ಮನೆಯವರೂ ಊರಿನಿಂದ ಕಳಿಸಬಹುದು. ಹೆಂಡತಿ ಮಕ್ಕಳು ಹೇಳಿದ ಮಾತಿಗೆ ಕಂಪನಿಯ ಸೇಫ್ಟಿ ಆಫೀಸರ್ ಹೇಳಿದ್ದಕ್ಕಿಂತ ಹೆಚ್ಚು ಬೆಲೆ.

ಮಕ್ಕಳ ವಿಷಯದಲ್ಲಿ ಅಪಾಯ ದೊಡ್ಡ ರಸ್ತೆಯಲ್ಲಷ್ಟೇ ಇಲ್ಲ. ವಿಲ್ಲಾ ಕಾಂಪೌಂಡಿನೊಳಗೆ ಹಿಂದಕ್ಕೆ ಬರುವ ಎತ್ತರದ ಗಾಡಿಯ ಚಾಲಕನಿಗೆ ಮೂರು ವರ್ಷದ ಮಗು ಕಾಣುವುದಿಲ್ಲ. ಗಾಡಿ ಹೊರಡುವಾಗ ಮಗುವಿನ ಕೈ ದೊಡ್ಡವರೊಬ್ಬರ ಕೈಯಲ್ಲಿರಬೇಕು. ಶಾಲಾ ಬಸ್ಸಿನಿಂದ ಇಳಿದ ಮಗು ಬಸ್ಸಿನ ಮುಂದಿನಿಂದ ಓಡಿ ದಾಟದಂತೆ, ಬಸ್ಸು ಹೋದ ಮೇಲೆಯೇ ದಾಟುವಂತೆ ಮನೆಯಲ್ಲಿ ಅಭ್ಯಾಸ ಮಾಡಿಸಬೇಕು. ರಜೆಗೆ ಊರಿಗೆ ಹೋಗಿ ಬಂದ ಮಕ್ಕಳಿಗೆ ಪ್ರತಿ ಸಲವೂ ಎಡಬಲದ ಪಾಠ ಮತ್ತೊಮ್ಮೆ ಬೇಕು. ಊರಿಗೆ ಹೋದಾಗ ಅದರ ತಿರುವುಮುರುವು.

ಅಪಘಾತ ನಡೆದೇ ಹೋದರೆ ಗಾಯಾಳುವನ್ನು ಎತ್ತಿ ಟ್ಯಾಕ್ಸಿಗೆ ಹಾಕಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅದೇ ಕುತ್ತಾದೀತು. 999ಕ್ಕೆ ಕರೆ ಮಾಡಿ ನೀಲಿ ಫಲಕದ ಸಂಖ್ಯೆ ಹೇಳಿ, ಹಿಂದಿನಿಂದ ಬರುವ ವಾಹನಗಳಿಗೆ ಎಚ್ಚರಿಕೆ ಕೊಡಿ. ಅಪಘಾತಕ್ಕೀಡಾದವರ ಫೋಟೊ, ವಿಡಿಯೊ ತೆಗೆಯುವುದು ಕತಾರಿನಲ್ಲಿ ಶಿಕ್ಷಾರ್ಹ ಅಪರಾಧ. ಪೆಟ್ಟು ಸಣ್ಣದೆಂದು ಪೊಲೀಸರಿಗೆ ಹೇಳದೆ ಬಂದುಬಿಡುವವರಿದ್ದಾರೆ. ದಾಖಲೆಯಿಲ್ಲದೆ ಮುಂದೆ ಪರಿಹಾರ ಕೇಳುವುದು ಕಷ್ಟ. ಐಡಿ ಸದಾ ಜೇಬಿನಲ್ಲಿರಲಿ, ಅದರ ಜೊತೆ ರಕ್ತದ ಗುಂಪು ಮತ್ತು ಗೆಳೆಯನೊಬ್ಬನ ಫೋನ್ ನಂಬರ್ ಬರೆದ ಚೀಟಿಯಿರಲಿ. ಬೆನೆವೊಲೆಂಟ್ ಫೋರಂ ಕಡಿಮೆ ಕಂತಿನ ಜೀವವಿಮೆಯನ್ನೂ ನಡೆಸುತ್ತದೆ, ಕ್ಯಾಂಪಿನಲ್ಲಿರುವವರು ಅದರ ಬಗ್ಗೆ ವಿಚಾರಿಸಬೇಕು.

ನಡಿಗೆ ಮತ್ತು ಸೈಕಲ್ಲಿಗೆ ಊರಿನಲ್ಲೂ ಮಾದರಿಗಳಿವೆ. ಬೆಂಗಳೂರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ 2013ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಸೈಕಲ್ ದಿನ’ ಬಡಾವಣೆಯಿಂದ ಬಡಾವಣೆಗೆ ಹಬ್ಬಿದ್ದು ನಿವಾಸಿಗಳ ಸಂಘಗಳು ಕೈಜೋಡಿಸಿದ್ದರಿಂದ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ 450 ಸೈಕಲ್ಲುಗಳೊಂದಿಗೆ ಶುರುವಾಯಿತು. ಜಗತ್ತಿನ ಮಟ್ಟದಲ್ಲೂ ಇದೇ ಮಾತು: ವಿಶ್ವಸಂಸ್ಥೆ 2025ರ ಮೇ 12ರಿಂದ 18ರವರೆಗೆ ಆಚರಿಸಿದ ಎಂಟನೆಯ ಜಾಗತಿಕ ರಸ್ತೆ ಸುರಕ್ಷತಾ ಸಪ್ತಾಹದ ವಿಷಯವೇ ನಡಿಗೆ ಮತ್ತು ಸೈಕಲ್ಲನ್ನು ಸುರಕ್ಷಿತಗೊಳಿಸುವುದಾಗಿತ್ತು.

ಕತಾರಿಗೆ ತನ್ನದೇ ಆದ ಒಂದು ದಿನವಿದೆ. 2012ರಿಂದ ಪ್ರತಿ ವರ್ಷ ಫೆಬ್ರವರಿಯ ಎರಡನೆಯ ಮಂಗಳವಾರ ರಾಷ್ಟ್ರೀಯ ಕ್ರೀಡಾ ದಿನ, ದೇಶಕ್ಕೇ ರಜೆ. ಅಂದು ಭಾರತೀಯ ಸಂಘಟನೆಗಳೂ ಟೀ ಶರ್ಟ್ ಹಾಕಿಸಿ, ಬ್ಯಾನರ್ ಹಿಡಿದು ನಡಿಗೆ ಏರ್ಪಡಿಸುತ್ತವೆ. ಬರುವ ಫೆಬ್ರವರಿಯಲ್ಲಿ ಆ ನಡಿಗೆಯ ಒಂದು ತಂಡವಾದರೂ ಕಾರ್ನೀಶ್ ಬಿಟ್ಟು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಲಿ. ಟೀ ಶರ್ಟಿನ ಹಣದಲ್ಲಿ ಹೊಳೆಯುವ ಜಾಕೆಟ್, ಸೈಕಲ್ ದೀಪ ತಂದು ಅಲ್ಲಿನ ಕೆಲಸಗಾರರಿಗೆ ಹಂಚಲಿ, ಅವರ ದಾರಿಯ ತೊಡಕುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಮರುದಿನ ಬೆಳಗ್ಗೆ ಆ ಪಟ್ಟಿ ಹಿಡಿದು 188ಕ್ಕೆ ಕರೆ ಮಾಡುವ ಜವಾಬ್ದಾರಿಯನ್ನು ಒಬ್ಬ ಪದಾಧಿಕಾರಿಗೆ ಹೆಸರು ಹೇಳಿ ವಹಿಸಲಿ.